ಸಂಸಾರದ ವ್ಯಾಜ್ಯವೂ ಮ್ಯಾಜಿಸ್ಟ್ರೇಟರ ಕಚೇರಿಯೂ

ಹಿಂದಿನ ಮೈಸೂರು ಸಂಸ್ಥಾನದಲ್ಲಿ ಗಂಡನ ಮನೆಯಿಂದ ಹೊರಬಿದ್ದ ಹೆಂಗಸು ನ್ಯಾಯವನ್ನು ಬೇಡಿ ಹೋಗಲು ಮೂರು ಬಾಗಿಲುಗಳಿದ್ದುವು. ಮದುವೆ ಉಳಿಯಿತೋ ಮುರಿಯಿತೋ ಎಂಬುದನ್ನು ಕುಲದ ಕಟ್ಟೆಮನೆ ಹೇಳುತ್ತಿದ್ದಿತು. ಒಡವೆ, ಭೂಮಿ, ಭಾಗಗಳ ಮಾತನ್ನು ಮುನ್ಸೀಫರ ಕೋರ್ಟು ಕೇಳುತ್ತಿದ್ದಿತು. ನಾಳೆಯ ಅನ್ನದ ಮಾತಿಗೆ ಮ್ಯಾಜಿಸ್ಟ್ರೇಟರ ಕಚೇರಿ. ಸಂಕಟ ಒಂದೇ, ಅದನ್ನು ಮೂರು ತುಂಡು ಮಾಡಿ ಮೂರು ಕಡೆಗೆ ಹೊತ್ತುಕೊಂಡು ಹೋಗಬೇಕಾಗಿದ್ದಿತು. ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಸಂಸಾರಗಳಿಗೆ ಈ ವ್ಯವಸ್ಥೆ ಯಾವ ರೀತಿಯಲ್ಲಿ ಒದಗಿತು, ಬಾಗಿಲುಗಳನ್ನು ಒಂದು ಮಾಡುವ ಯತ್ನ ಎಲ್ಲಿಯವರೆಗೆ ಬಂದಿತು ಎಂಬುದು ವಿಚಾರಿಸತಕ್ಕ ವಿಷಯ.

ಕಟ್ಟೆಮನೆಯ ಬಾಗಿಲು ಎಲ್ಲಕ್ಕೂ ಹಳೆಯದು, ಊರಿಗೆ ಹತ್ತಿರದ್ದು. ಒಕ್ಕಲುತನವನ್ನೂ ಕುರಿಗಾರಿಕೆಯನ್ನೂ ನಂಬಿದ ಅನೇಕ ಕುಲಗಳಲ್ಲಿ ಗೌಡನೂ ಯಜಮಾನರೂ ಕೂಟ ಸೇರಿ, ಗಂಡಹೆಂಡಿರ ಜಗಳವನ್ನು ಕೇಳಿ, ತಪ್ಪಿದವರಿಗೆ ದಂಡ ಹಾಕಿ, ಕೂಡಿಸಲಾಗದಿದ್ದರೆ ಬಿಡುಗಡೆ ಮಾಡಿಸುತ್ತಿದ್ದರು. ಮದುವೆಯಲ್ಲಿ ಕೊಟ್ಟಿದ್ದ ತೆರವನ್ನು ಹಿಂದಿರುಗಿಸಿದ ಮೇಲೆ ಹೆಂಗಸು ಕೂಡಿಕೆಯ ಕ್ರಮದಲ್ಲಿ ಇನ್ನೊಬ್ಬನ ಮನೆ ಸೇರಬಹುದಾಗಿತ್ತು. ಆದರೆ ಕೂಡಿಕೆಯಾದವಳಿಗೆ ಶುಭಕಾರ್ಯಗಳಲ್ಲಿ ಮುಂದೆ ನಿಲ್ಲುವ ಮಾನ್ಯತೆಯಿರಲಿಲ್ಲ. ಬ್ರಾಹ್ಮಣ ಮೊದಲಾದವರ ಮನೆಗಳಲ್ಲಿ ಈ ಅರೆಬಾಗಿಲೂ ಮುಚ್ಚಿಯೇ ಇದ್ದಿತು.

ಬಾಯಿಮಾತಿನಲ್ಲಿ ಉಳಿದಿದ್ದ ಈ ವಾಡಿಕೆಗಳನ್ನು ಬರಹಕ್ಕೆ ತರುವ ಕೆಲಸವನ್ನು ಕೈಗೊಂಡವರು ಒಬ್ಬ ನ್ಯಾಯಾಧೀಶರೇ ಎಂಬುದು ಸಣ್ಣ ಸಂಗತಿಯಲ್ಲ. ಎಚ್. ವಿ. ನಂಜುಂಡಯ್ಯನವರು (1860–1920) ಮೈಸೂರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದವರು; 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು; 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳು. ಸಂಸ್ಥಾನದ ಕುಲಗಳ ಮದುವೆ, ಬಿಡುಗಡೆ, ಕೂಡಿಕೆ, ದಾಯಭಾಗಗಳ ಪದ್ಧತಿಯನ್ನು ಅವರು ಕುಲಕುಲವಾಗಿ ವಿಚಾರಿಸಿ ಬರೆಯಿಸಿದರು. ಅವರು ತೀರಿಕೊಂಡ ಮೇಲೆ ಎಲ್. ಕೆ. ಅನಂತಕೃಷ್ಣ ಅಯ್ಯರವರು ಆ ಕೆಲಸವನ್ನು ಮುಂದುವರಿಸಲು, ಗ್ರಂಥವು 1928ರಿಂದ 1935ರ ವರೆಗೆ ಸಂಪುಟಗಳಾಗಿ ಹೊರಬಂದಿತು. ಶಾಸ್ತ್ರಗ್ರಂಥಗಳಲ್ಲಿ ಕಾಣುವ ಹಿಂದೂ ಧರ್ಮವೊಂದು, ಕುಣಿಗಲಿನ ಹಳ್ಳಿಯ ಕಟ್ಟೆಯ ಮೇಲೆ ನಡೆಯುವ ಧರ್ಮವೊಂದು ಎಂಬುದನ್ನು ಕೋರ್ಟಿನ ಪೀಠದಲ್ಲಿ ಕುಳಿತವರೇ ಕಂಡುಕೊಂಡಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಕಟ್ಟೆಮನೆಯ ಮಾತಿಗೆ ಕೋರ್ಟಿನಲ್ಲಿ ಎಷ್ಟು ಬೆಲೆ ಎಂಬುದು ಮಾತ್ರ ಸಂದೇಹದಲ್ಲಿಯೇ ಇದ್ದಿತು. ಗಂಡನ ಒಪ್ಪಿಗೆಯಿಲ್ಲದೆ ಕುಲವು ಕೊಟ್ಟ ಬಿಡುಗಡೆ ಸಲ್ಲದೆಂದು ಬೊಂಬಾಯಿ ಹೈಕೋರ್ಟು 1870ರ ಸುಮಾರಿನಲ್ಲಿಯೇ ಹೇಳಿದ್ದಿತು. ಇಂತಹ ಅಭಿಪ್ರಾಯ ನಿಂತಲ್ಲಿ, ಯಜಮಾನರ ಮುಂದೆ ಮರ್ಯಾದೆಯಿಂದ ಕೂಡಿಕೆಯಾದ ಹೆಂಗಸು ದಂಡಸಂಹಿತೆಯ 494ನೆಯ ಪ್ರಕರಣದಲ್ಲಿ ಅಪರಾಧಿಯಾಗಿ ನಿಲ್ಲಬೇಕಾಗುತ್ತಿದ್ದಿತು. 1955ರ ಹಿಂದೂ ವಿವಾಹ ಕಾಯಿದೆ ತನ್ನ 29ನೆಯ ಪ್ರಕರಣದಲ್ಲಿ ವಾಡಿಕೆಯ ಬಿಡುಗಡೆಯನ್ನು ಉಳಿಸಿಕೊಂಡ ಮೇಲೆ ಈ ಭಯ ಬಹುಮಟ್ಟಿಗೆ ಕಡಿಮೆಯಾಯಿತು.

ಇನ್ನು ಮ್ಯಾಜಿಸ್ಟ್ರೇಟರ ವಿಷಯ. ಹೆಂಡತಿಮಕ್ಕಳಿಗೆ ಜೀವನಾಂಶ ಕೊಡಿಸುವ ಅಧಿಕಾರ ದಂಡಪ್ರಕ್ರಿಯೆಯ ಸಂಹಿತೆಯೊಳಗೆ ಬಂದುದು 1861ರಲ್ಲಿ. ಕಳ್ಳತನ, ಹೊಡೆದಾಟ, ಜಾಮೀನುಗಳ ನಡುವೆ ಹೆಂಡತಿಯ ಅನ್ನವನ್ನು ಇಟ್ಟುದು ವಿಚಿತ್ರವಾಗಿ ತೋರಬಹುದು. 1872ರ ಸಂಹಿತೆಯನ್ನು ರೂಪಿಸಿದ ಫಿಟ್ಸ್‌ಜೇಮ್ಸ್ ಸ್ಟೀಫನ್ನರು ಇದರ ಕಾರಣವನ್ನು ಮರೆಮಾಚಲಿಲ್ಲ: ನಿರ್ಗತಿಕರು ಅಲೆಮಾರಿಗಳಾಗುವುದನ್ನೂ ಅದರಿಂದ ಬರುವ ಅನರ್ಥವನ್ನೂ ತಡೆಯುವುದೇ ಉದ್ದೇಶವೆಂದು ಅವರ ಅಭಿಪ್ರಾಯ. ಎಂದರೆ ಸರ್ಕಾರದ ಕಣ್ಣು ಇದ್ದುದು ಹೆಂಗಸಿನ ಹಕ್ಕಿನ ಮೇಲೆ ಅಲ್ಲ, ಬೀದಿಯ ಶಾಂತಿಯ ಮೇಲೆ. ಆದರೂ ಆ ಅರೆಮನಸ್ಸಿನ ಪ್ರಕರಣವೇ ಬಡವರಿಗೆ ಎಲ್ಲಕ್ಕಿಂತ ಬೇಗ ತೆರೆಯುವ ಬಾಗಿಲಾಯಿತು. ಮುನ್ಸೀಫರ ಕೋರ್ಟಿನಲ್ಲಿ ಜೀವನಾಂಶದ ದಾವೆ ಹೂಡಿದವಳು ವರ್ಷಗಟ್ಟಲೆ ಕಾಯಬೇಕಾದೀತು. ಇಲ್ಲಿ ಸಣ್ಣ ಮೊಕದ್ದಮೆಯ ರೀತಿಯಲ್ಲಿ ಸಾಕ್ಷ್ಯ ತೆಗೆದುಕೊಂಡು ಆಜ್ಞೆ ಮಾಡಬಹುದಾಗಿತ್ತು. ಆಜ್ಞೆಯ ನಕಲನ್ನು ಬಿಟ್ಟಿಯಾಗಿ ಕೊಡಬೇಕೆಂದು ಸಂಹಿತೆಯಲ್ಲಿಯೇ ಬರೆದಿದ್ದಿತು.

1898ರ ಸಂಹಿತೆಯಲ್ಲಿ ಇದೇ ಪ್ರಸಿದ್ಧವಾದ 488ನೆಯ ಪ್ರಕರಣ. ತಿಂಗಳಿಗೆ ಐವತ್ತು ರೂಪಾಯಿ ಮೀರದಂತೆ ಎಂದಿದ್ದ ಮಿತಿ 1923ರಲ್ಲಿ ನೂರಾಯಿತು, 1955ರಲ್ಲಿ ಐನೂರಾಯಿತು. 1955ರ ಐನೂರು ಒಂದು ಸಂಸಾರವನ್ನು ಸಾಕುವ ಹಣ. ಅದೇ ಐನೂರನ್ನು 1973ರ ಸಂಹಿತೆಯ 125ನೆಯ ಪ್ರಕರಣದಲ್ಲಿಯೂ ಇಟ್ಟು, 2001ರ ವರೆಗೆ ಕದಲಿಸದೆ ಬಿಟ್ಟರು. ಆ ವೇಳೆಗೆ ಅದು ಅಕ್ಕಿಯ ಅಂಗಡಿಗೆ ಒಂದು ಸಲ ಹೋಗಿ ಬರುವಷ್ಟರ ಹಣವಾಗಿದ್ದಿತು. ನಲವತ್ತಾರು ವರ್ಷ ಶಾಸನಕರ್ತರು ಸಂತೆಯ ಧಾರಣೆಯನ್ನು ಕೇಳಲಿಲ್ಲವೆನ್ನದೆ ವಿಧಿಯಿಲ್ಲ. 2001ರಲ್ಲಿ ಮಿತಿಯನ್ನೇ ತೆಗೆದುಹಾಕಿದರು. ವಿಚಾರಣೆ ಮುಗಿಯುವ ಮುನ್ನ ಮಧ್ಯಂತರ ಜೀವನಾಂಶ ಕೊಡಿಸುವುದನ್ನೂ ಸೇರಿಸಿದರು.

ಹಣದ ಮಿತಿಗಿಂತ ದಾರಿಯ ದೂರ ದೊಡ್ಡ ತೊಡಕಾಗಿದ್ದಿತು. 488ನೆಯ ಪ್ರಕರಣದ ಅರ್ಜಿಯನ್ನು ಕೇಳುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ, ಸಬ್‌ಡಿವಿಜನ್ ಮ್ಯಾಜಿಸ್ಟ್ರೇಟರಿಗೂ, ಮೊದಲನೆಯ ದರ್ಜೆಯವರಿಗೂ ಮಾತ್ರ ಇದ್ದಿತು. ತಾಲ್ಲೂಕಿನ ಅಮಲ್ದಾರರಿಗೆ ಸಾಮಾನ್ಯವಾಗಿ ಇದ್ದುದು ಎರಡನೆಯ ದರ್ಜೆಯ ಅಧಿಕಾರ. ಆದುದರಿಂದ ಊರಿನವರೆಲ್ಲರೂ ಬಲ್ಲ ಅಮಲ್ದಾರರ ಕಚೇರಿಯ ಮೆಟ್ಟಿಲಿನ ಮೇಲೆ ಅತ್ತರೂ ಪ್ರಯೋಜನವಿರಲಿಲ್ಲ. ಮೇಲಿನ ಅಧಿಕಾರಿ ಮೊಕ್ಕಾಂ ಬರುವವರೆಗೆ ಕಾಯಬೇಕು, ಇಲ್ಲವೆ ತುಮಕೂರಿಗೆ ನಡೆಯಬೇಕು. ಗುಬ್ಬಿ ತುಮಕೂರಿಗೆ ಸುಮಾರು ಹನ್ನೆರಡು ಮೈಲಿ. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳ ಮೇಲೆ ಹರಿಹರದ ಕಡೆಗೆ ರೈಲು ಬಂದ ಮೇಲೆ ಆ ಊರಿನವರಿಗೆ ಕಷ್ಟ ಕಡಿಮೆಯಾಯಿತು. ಕುಣಿಗಲು ಇಪ್ಪತ್ತೆರಡು ಮೈಲಿ, ಅದರಾಚೆಗೆ ಹುಲಿಯೂರುದುರ್ಗ. ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು, ಬುತ್ತಿ ಕಟ್ಟಿಕೊಂಡು ಗಾಡಿಯಲ್ಲಿ ಎರಡು ದಿನ ಪಯಣ ಮಾಡಿ ಬಂದವಳಿಗೆ, ಪ್ರತಿವಾದಿ ಹಾಜರಾಗಿಲ್ಲ, ವಾಯಿದೆ ಮುಂದಕ್ಕೆ ಹೋಗಿದೆ ಎಂಬ ಮಾತು ಸಿಕ್ಕಿದರೆ ಅವಳು ಮತ್ತೊಮ್ಮೆ ಬಂದಾಳೆ? ಕುಣಿಗಲಿಗೆ ರೈಲು ಬಂದುದು 2017ರಲ್ಲಿ. ಅದೂ ಬೆಂಗಳೂರು ಹಾಸನಗಳ ಮಾರ್ಗದಲ್ಲಿ, ತುಮಕೂರಿನ ಕಡೆಗಲ್ಲ.

ಇದಕ್ಕಿಂತಲೂ ಕಠಿಣವಾದ ಇನ್ನೊಂದು ನಿಯಮವಿದ್ದಿತು. ಗಂಡನು ವಾಸವಾಗಿರುವ ಅಥವಾ ಇರುವ ಜಿಲ್ಲೆಯಲ್ಲಿ, ಇಲ್ಲವೆ ಅವರಿಬ್ಬರೂ ಕೊನೆಯಲ್ಲಿ ಒಟ್ಟಿಗೆ ವಾಸಿಸಿದ ಜಿಲ್ಲೆಯಲ್ಲಿ ಅರ್ಜಿ ಕೊಡಬೇಕು, ತವರಿನಲ್ಲಿ ಕೊಡುವಂತಿಲ್ಲ. ಗುಬ್ಬಿಯ ಹೆಣ್ಣನ್ನು ಮಂಡ್ಯದ ಕಡೆಗೆ ಕೊಟ್ಟಿದ್ದು, ಅವಳು ಅಲ್ಲಿಂದ ಹೊಡೆತ ತಿಂದು ತವರಿಗೆ ಬಂದಿದ್ದರೆ, ಯಾವ ಊರಿನಿಂದ ಓಡಿಬಂದಳೋ ಆ ಸೀಮೆಗೇ ಹಿಂದಿರುಗಿ ಹೋಗಿ ನ್ಯಾಯ ಕೇಳಬೇಕು. ಹೆಂಡತಿ ವಾಸಿಸುವ ಸ್ಥಳದಲ್ಲಿಯೂ ಅರ್ಜಿ ಕೊಡಬಹುದೆಂಬ ಮಾತು ಸಂಹಿತೆಗೆ ಸೇರಿದುದು 1973ರಲ್ಲಿ, 126ನೆಯ ಪ್ರಕರಣದ ಮೂಲಕ. ಕಾನೂನಿನ ಪುಸ್ತಕದಲ್ಲಿ ಇದು ಅರ್ಧ ಪಂಕ್ತಿಯ ಬದಲಾವಣೆ. ತವರನ್ನು ಬಿಟ್ಟು ಬೇರೆ ನೆಲೆಯಿಲ್ಲದವರಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಆ ಸಂಹಿತೆಯಲ್ಲಿ ಹುಡುಕುವುದು ಕಷ್ಟ.

ಅರ್ಜಿ ವಿಚಾರಣೆಗೆ ಬಂದಿತೆನ್ನೋಣ. ಆಗ ಗಂಡನ ಬಾಯಿಂದ ಬರುತ್ತಿದ್ದ ವಾಡಿಕೆಯ ಉತ್ತರ, "ಮನೆಗೆ ಬರಲಿ, ಸಾಕುತ್ತೇನೆ" ಎಂಬುದು. ಸಂಹಿತೆಯೇ ಆ ಉತ್ತರಕ್ಕೆ ಎಡೆಕೊಟ್ಟಿದ್ದಿತು: ಸಾಕಷ್ಟು ಕಾರಣವಿಲ್ಲದೆ ಹೆಂಡತಿ ಕೂಡಿ ಬಾಳಲು ಒಪ್ಪದಿದ್ದರೆ ಅವಳಿಗೆ ಜೀವನಾಂಶವಿಲ್ಲ. ಸಾಕಷ್ಟು ಕಾರಣವೆಂದರೆ ಏನು ಎಂದು ತೂಗುವುದೇ ಮ್ಯಾಜಿಸ್ಟ್ರೇಟರ ನಿಜವಾದ ಕೆಲಸ. ಮನೆಯಲ್ಲಿ ಎರಡನೆಯ ಹೆಂಡತಿ ಬಂದು ಕುಳಿತಿದ್ದರೂ, ಅದು ಆಗ ಶಾಸನಸಮ್ಮತವಾದುದರಿಂದ, ಕಾರಣವಾಗುತ್ತದೆಯೋ ಇಲ್ಲವೋ ಎಂದು ವಕೀಲರು ವಾದ ಮಾಡಬಹುದಾಗಿತ್ತು. 1949ರ ತಿದ್ದುಪಡಿ ಆ ವಾದವನ್ನು ಮುಗಿಸಿತು. ಗಂಡನು ಮತ್ತೊಂದು ಮದುವೆಯಾಗಿದ್ದರೆ ಅಥವಾ ಉಪಪತ್ನಿಯನ್ನು ಇಟ್ಟುಕೊಂಡಿದ್ದರೆ ಅವಳು ಬೇರೆ ಇರುವುದು ನ್ಯಾಯವೇ ಎಂದಿತು.

ಮೂರು ಬಾಗಿಲುಗಳ ಕೇಡು ಸ್ಪಷ್ಟವಾಗಿ ಕಾಣುವುದು ಆಜ್ಞೆಯಾದ ಮೇಲೆ. ಮ್ಯಾಜಿಸ್ಟ್ರೇಟರು ಜೀವನಾಂಶ ಕೊಡಿಸಿದರೆ, ಗಂಡನು ಸಿವಿಲ್ ಕೋರ್ಟಿಗೆ ಹೋಗಿ, ಹೆಂಡತಿ ತನ್ನೊಡನೆ ಬಾಳಬೇಕೆಂದು ದಾಂಪತ್ಯದ ಹಕ್ಕಿಗಾಗಿ ಡಿಕ್ರಿ ಪಡೆಯಬಹುದು. ಸಿವಿಲ್ ಕೋರ್ಟಿನ ತೀರ್ಮಾನವನ್ನು ಅನುಸರಿಸಿ ಮ್ಯಾಜಿಸ್ಟ್ರೇಟರು ತಮ್ಮ ಆಜ್ಞೆಯನ್ನು ರದ್ದುಮಾಡಬೇಕೆಂದು 489ನೆಯ ಪ್ರಕರಣದಲ್ಲಿ 1923ರಿಂದ ಸೇರಿದ್ದಿತು. ಹೀಗೆ ಒಂದು ಕಚೇರಿಯಲ್ಲಿ ಗೆದ್ದ ಅನ್ನವನ್ನು ಇನ್ನೊಂದು ಕಚೇರಿಯ ಕಾಗದ ಕಸಿದುಕೊಳ್ಳಬಹುದಾಗಿದ್ದಿತು. ವಕೀಲರನ್ನು ಎರಡು ಕಡೆ ಇಡುವ ಶಕ್ತಿ ಯಾರಿಗಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು.

ಆಸ್ತಿಯ ಬಾಗಿಲಿನಲ್ಲಿ ಮೈಸೂರು ಸಂಸ್ಥಾನ ತನ್ನ ಕಾಲಕ್ಕಿಂತ ಮುಂದೆ ಇದ್ದಿತೆಂಬುದನ್ನು ಒಪ್ಪಬೇಕು. 1894ರಲ್ಲಿಯೇ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ಮೀರಿದವರು ಹದಿನಾಲ್ಕು ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನೂ ರೆಗ್ಯುಲೇಷನ್ ಮೂಲಕ ತಡೆದ ಸರ್ಕಾರ, 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿತು. ವಿಭಾಗದ ಕಾಲದಲ್ಲಿ ವಿಧವೆಗೆ ಗಂಡನಿಗೆ ಬರಬೇಕಾದ ಪಾಲಿನ ಅರ್ಧ, ತಾಯಿಗೆ ಮಗನ ಪಾಲಿನ ಅರ್ಧ, ಮದುವೆಯಾಗದ ಮಗಳಿಗೂ ತಂಗಿಗೂ ಸೋದರನ ಪಾಲಿನ ಕಾಲುಭಾಗ ಎಂದು ಅದು ಗೊತ್ತುಮಾಡಿತು. ಗಂಡನು ಬರವಣಿಗೆಯಲ್ಲಿ ಬೇಡವೆನ್ನದಿದ್ದರೆ ವಿಧವೆ ದತ್ತು ತೆಗೆದುಕೊಳ್ಳಬಹುದೆಂದೂ ಹೇಳಿತು. ಕಾಲುಭಾಗ ಪೂರ್ಣ ಸಮಭಾಗವಾಗಲು ಕರ್ನಾಟಕದ 1994ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅದೂ ಆಗ ಮದುವೆಯಾಗದಿದ್ದವರಿಗೆ ಮಾತ್ರ. ಮದುವೆಯಾದ ಹೆಣ್ಣುಮಕ್ಕಳು 2005ರ ವರೆಗೆ ನಿಲ್ಲಬೇಕಾಯಿತು.

ಬಾಗಿಲುಗಳನ್ನು ಒಂದು ಮಾಡಿದುದು 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆ. ಮದುವೆಯ ಸಿಂಧುತ್ವ, ವಿಚ್ಛೇದನ, ದಂಪತಿಗಳ ಆಸ್ತಿ, ಮಕ್ಕಳ ಪಾಲನೆ ಇವನ್ನು ಕೇಳುವ ಜಿಲ್ಲಾ ನ್ಯಾಯಾಲಯದ ಅಧಿಕಾರವನ್ನೂ, ಜೀವನಾಂಶದ ಮಟ್ಟಿಗೆ ಮೊದಲನೆಯ ದರ್ಜೆಯ ಮ್ಯಾಜಿಸ್ಟ್ರೇಟರ ಅಧಿಕಾರವನ್ನೂ ಅದರ 7ನೆಯ ಪ್ರಕರಣ ಒಬ್ಬರೇ ನ್ಯಾಯಾಧೀಶರ ಕೈಯಲ್ಲಿ ಇಟ್ಟಿತು. ಮೊದಲು ರಾಜಿಗೆ ಯತ್ನಿಸಬೇಕು. ಬೇಕಾದರೆ ಬಾಗಿಲು ಮುಚ್ಚಿ ವಿಚಾರಿಸಬಹುದು. ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿಗಳ ಹಕ್ಕಲ್ಲ. ಸಾಕ್ಷ್ಯದ ಕಟ್ಟುನಿಟ್ಟು ಸಡಿಲ. ಯಜಮಾನರ ಕೂಟದಲ್ಲಿ ಒಳ್ಳೆಯದಾಗಿದ್ದುದನ್ನು ಶಾಸನವು ಬೇರೆಯ ವೇಷದಲ್ಲಿ ಮತ್ತೆ ಕರೆತಂದಿತೆನ್ನಬಹುದು. ಕೂಟದ ಜಾತಿದಂಡವನ್ನು ಹೊರಗೆ ಬಿಟ್ಟು.

ಆದರೆ ಕುಟುಂಬ ನ್ಯಾಯಾಲಯ ಎಲ್ಲಿ ಸ್ಥಾಪಿತವೋ ಆ ವ್ಯಾಪ್ತಿಗೆ ಮಾತ್ರ ಈ ಏಕತೆ. ಹತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಗಳಿಗೆ ಸ್ಥಾಪನೆ ಕಡ್ಡಾಯ; ಉಳಿದೆಡೆ ಸರ್ಕಾರದ ವಿವೇಚನೆ. ತುಮಕೂರು ನಗರದಲ್ಲಿ ಕುಟುಂಬ ನ್ಯಾಯಾಲಯವಿದೆ. ಅಂತಹ ವ್ಯಾಪ್ತಿಗೆ ಒಳಪಡದ ತಾಲ್ಲೂಕುಗಳಲ್ಲಿ ವಿಚ್ಛೇದನ ಹಿರಿಯ ಸಿವಿಲ್ ನ್ಯಾಯಾಧೀಶರಲ್ಲಿಯೂ, ಜೀವನಾಂಶ ಮ್ಯಾಜಿಸ್ಟ್ರೇಟರಲ್ಲಿಯೂ ಹಳೆಯ ರೀತಿಯಂತೆಯೇ ಇರುತ್ತವೆ. ಆದರೆ ಆ ಮ್ಯಾಜಿಸ್ಟ್ರೇಟರು ಈಗ ತಾಲ್ಲೂಕಿನ ಪಟ್ಟಣದಲ್ಲಿಯೇ ಕುಳಿತಿರುತ್ತಾರೆ. 2005ರ ಕೌಟುಂಬಿಕ ಹಿಂಸೆಯ ಕಾಯಿದೆ ಮನೆಯಲ್ಲಿ ವಾಸದ ಹಕ್ಕನ್ನೂ ರಕ್ಷಣೆಯನ್ನೂ ಹಣದ ಪರಿಹಾರವನ್ನೂ ಮತ್ತೆ ಮ್ಯಾಜಿಸ್ಟ್ರೇಟರ ಕೈಗೇ ಒಪ್ಪಿಸಿತು. ಇಬ್ಬರೂ ತಮ್ಮ ಆಸ್ತಿ, ಆದಾಯಗಳ ಪ್ರಮಾಣಪತ್ರ ಸಲ್ಲಿಸಬೇಕು, ಅರ್ಜಿ ಕೊಟ್ಟ ದಿನದಿಂದಲೇ ಜೀವನಾಂಶ ಲೆಕ್ಕಕ್ಕೆ ಬರಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2020ರ ನವೆಂಬರಿನಲ್ಲಿ ವಿಧಿಸಿತು. 2024ರ ಜುಲೈ 1ರಿಂದ ಹಳೆಯ 125ನೆಯ ಪ್ರಕರಣ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯದಾಯಿತು.

ಆದರೂ ಎರಡು ಕಚೇರಿಗಳ ಹಳೆಯ ಜಗಳ ಉಳಿದಿದ್ದಿತು. ಗಂಡನೊಡನೆ ಬಾಳಬೇಕೆಂಬ ಡಿಕ್ರಿಯಾದ ಮೇಲೂ ಹೋಗದವಳಿಗೆ ಅನ್ನವುಂಟೇ ಎಂಬ ಪ್ರಶ್ನೆಗೆ ಹೈಕೋರ್ಟುಗಳು ಬೇರೆಬೇರೆ ಉತ್ತರ ಕೊಡುತ್ತಿದ್ದುವು. 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಡಿಕ್ರಿಯೊಂದೇ ಜೀವನಾಂಶಕ್ಕೆ ಅಡ್ಡಿಯಾಗದು, ಅವಳು ಹೋಗದಿರಲು ಕಾರಣವೇನೆಂಬುದನ್ನು ಅರ್ಜಿ ಕೇಳುವವರೇ ವಿಚಾರಿಸಿ ತೀರ್ಮಾನಿಸಬೇಕು ಎಂದು ಹೇಳಿತು.