ಕಬ್ಬಿನ ಉಪೋತ್ಪನ್ನಗಳ ಮೇವು

ಕಬ್ಬಿನ ಬೆಳೆ ಮತ್ತು ಸಕ್ಕರೆ ಉದ್ಯಮದಿಂದ ದೊರೆಯುವ ಸೋಗೆ, ರವದಿ, ಸಿಪ್ಪೆ ಹಾಗೂ ಕಾಕಂಬಿಗಳನ್ನು ಹೈನುರಾಸುಗಳ ಆಹಾರದಲ್ಲಿ ಬಳಸುವ ಪದ್ಧತಿಯನ್ನು ಕಬ್ಬಿನ ಉಪೋತ್ಪನ್ನಗಳ ಮೇವು ಎನ್ನಬಹುದು. ಕಾಕಂಬಿಯನ್ನು ಬಿಟ್ಟರೆ ಉಳಿದವು ನಾರುಮೇವುಗಳು. ಇವು ಹಸುವಿನ ಹೊಟ್ಟೆಯನ್ನು ತುಂಬಿಸುತ್ತವೆಯಾದರೂ, ಪೂರಕ ಆಹಾರವಿಲ್ಲದೆ ಹಾಲಿನ ಇಳುವರಿಯನ್ನು ಕಾಪಾಡಲಾರವು.

ಪ್ರದೇಶ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳು ಕೃಷ್ಣಾ ಹಾಗೂ ಘಟಪ್ರಭಾ ನದಿಗಳ ನೀರಾವರಿಯಿಂದ ಕಬ್ಬಿನ ಸೀಮೆಯಾಗಿವೆ. ಇಲ್ಲಿ ಸಕ್ಕರೆ ಕಾರ್ಖಾನೆಗಳೂ ಬೆಲ್ಲದ ಗಾಣಗಳೂ ಇವೆ. ಕಬ್ಬು ಕಟಾವಾಗುವ ಚಳಿಗಾಲದಲ್ಲಿ ಸೋಗೆ ಹೇರಳವಾಗಿರುತ್ತದೆ. ಬೇಸಿಗೆಯಲ್ಲಿ ಹಸಿಮೇವಿನ ಅಭಾವ ತಲೆದೋರುತ್ತದೆ.

ಸೋಗೆ

ಕಬ್ಬಿನ ತುದಿಯ ಹಸಿರು ಭಾಗವೇ ಸೋಗೆ. ಇದರಲ್ಲಿ ಸುಮಾರು ಶೇಕಡಾ 70ರಷ್ಟು ನೀರಿದ್ದು, ಒಣ ಅಂಶದಲ್ಲಿ ಕಚ್ಚಾ ಪ್ರೋಟೀನು ಶೇಕಡಾ 5ರಿಂದ 6ರಷ್ಟು ಮಾತ್ರ ಇರುತ್ತದೆ. ದಿನಕ್ಕೆ ಹತ್ತು ಲೀಟರ್ ಹಾಲು ಕೊಡುವ ಹಸುವಿನ ಒಟ್ಟು ಆಹಾರದಲ್ಲಿ ಇದರ ಪ್ರಮಾಣ ಸುಮಾರು ಶೇಕಡಾ 12 ಇರಬೇಕು. ಆದುದರಿಂದ ಸೋಗೆಯೊಡನೆ ದ್ವಿದಳ ಮೇವು, ಹಿಂಡಿ ಅಥವಾ ಪಶು ಆಹಾರವನ್ನು ಕೊಡುವುದು ಅವಶ್ಯ.

ಸೋಗೆಯಲ್ಲಿರುವ ಆಕ್ಸಲೇಟ್ ಎಂಬ ಲವಣವು ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಮನ್ನು, ಬಂಧಿಸಿ ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಹಾಲಿನ ಮೂಲಕವೂ ಕ್ಯಾಲ್ಸಿಯಂ ಹೊರಹೋಗುವುದರಿಂದ, ದೀರ್ಘಕಾಲ ಸೋಗೆಯನ್ನೇ ತಿನ್ನುವ ಕರೆಯುವ ಹಸುಗಳಲ್ಲಿ ಅದರ ಕೊರತೆ ಉಂಟಾಗಬಹುದು. ಸೋಗೆಯನ್ನು ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸುವುದು, ಬೇರೆ ಮೇವಿನೊಂದಿಗೆ ಬೆರೆಸುವುದು ಮತ್ತು ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ನೀಡುವುದು ಇದಕ್ಕೆ ಪರಿಹಾರ.

ಸಂರಕ್ಷಣೆ

ಸೋಗೆಯನ್ನು 2ರಿಂದ 3 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಗುಂಡಿ ಅಥವಾ ಚೀಲದಲ್ಲಿ ಒತ್ತಿ ತುಂಬಿ, ಗಾಳಿಯಾಡದಂತೆ ಮುಚ್ಚಿದರೆ ಸುಮಾರು 45 ದಿನಗಳಲ್ಲಿ ರಸಮೇವು ಸಿದ್ಧವಾಗುತ್ತದೆ. ಹೀಗೆ ಚಳಿಗಾಲದ ಮೇವನ್ನು ಬೇಸಿಗೆಗೆ ಉಳಿಸಿಕೊಳ್ಳಬಹುದು. ಬೂಷ್ಟು ಹಿಡಿದ ಭಾಗವನ್ನು ತಿನ್ನಿಸಬಾರದು.

ರವದಿ ಮತ್ತು ಸಿಪ್ಪೆ

ಒಣಗಿದ ಎಲೆಗಳಾದ ರವದಿಯನ್ನು ಹಲವು ರೈತರು ಹೊಲದಲ್ಲಿಯೇ ಸುಡುತ್ತಾರೆ. ರಸ ಹಿಂಡಿದ ಸಿಪ್ಪೆಯನ್ನು ಕಾರ್ಖಾನೆಗಳು ಉರುವಲಾಗಿಯೂ ವಿದ್ಯುತ್ ಉತ್ಪಾದನೆಗೂ ಬಳಸುತ್ತವೆ. ಇವೆರಡರಲ್ಲೂ ಲಿಗ್ನಿನ್ ಅಧಿಕವಾಗಿರುವುದರಿಂದ ಜೀರ್ಣವಾಗುವುದು ಕಷ್ಟ. 100 ಕಿಲೋ ಒಣಮೇವಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಸಮನಾಗಿ ಚಿಮುಕಿಸಿ, ಮೂರು ವಾರ ಮುಚ್ಚಿಡುವ ಉಪಚಾರದಿಂದ ಗುಣ ಸ್ವಲ್ಪಮಟ್ಟಿಗೆ ಸುಧಾರಿಸುತ್ತದೆ. ತಿನ್ನಿಸುವ ಮೊದಲು ಗಾಳಿಗೆ ಹರಡಿ ಅಮೋನಿಯ ವಾಸನೆಯನ್ನು ಹೋಗಲಾಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಈ ಮೇವು ಸಲ್ಲದು. ಕರಗದ ಯೂರಿಯಾ ಪ್ರಾಣಾಪಾಯಕಾರಿ.

ಕಾಕಂಬಿ

ಕಾಕಂಬಿಯು ನಾರುಮೇವಲ್ಲ, ಶಕ್ತಿದಾಯಕ ಪೂರಕ. ಅಲ್ಪ ಪ್ರಮಾಣದಲ್ಲಿ ಒಣಮೇವಿಗೆ ಬೆರೆಸಿದರೆ ರುಚಿ ಹೆಚ್ಚಿ ದನಗಳು ಮೇವನ್ನು ಬಿಡದೆ ತಿನ್ನುತ್ತವೆ. ಇದರಲ್ಲಿ ಪ್ರೋಟೀನು ಅತ್ಯಲ್ಪ. ಅತಿಯಾದರೆ ಭೇದಿ ಮತ್ತು ಅಜೀರ್ಣ ಉಂಟಾಗುತ್ತವೆ.