ನೊರೆಯ ಚರಿತ್ರೆ

ಮಡಿವಾಳರ ಒಗೆಯುವ ಕಲ್ಲೂ ಬೆಸ್ತರ ಬಲೆಯೂ ಒಂದೇ ಕೆರೆಯನ್ನು ಹಂಚಿಕೊಂಡು ಬಾಳಿದ ಕಾಲ ನಮ್ಮ ನಾಡಿನಲ್ಲಿ ಬಹು ದೀರ್ಘವಾದುದು. ಬಟ್ಟೆಯ ಕೊಳೆ ನೀರಿಗೆ ಬೀಳುತ್ತಿತ್ತು. ಮೀನೂ ಅದೇ ನೀರಿನಲ್ಲಿ ಬೆಳೆಯುತ್ತಿತ್ತು. ಈ ಹೊಂದಾಣಿಕೆ ಮುರಿದುಬಿದ್ದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದನ್ನು ಮುರಿಯುವುದರಲ್ಲಿ ಕೊಳೆಗಿಂತ ಹೆಚ್ಚಾಗಿ ಕೊಳೆ ತೆಗೆಯುವ ಪದಾರ್ಥವೇ ಕೈಹಾಕಿತೆಂಬುದು ಈ ಚರಿತ್ರೆಯ ವಿಚಿತ್ರ.

ತೊಳೆಯುವ ವಸ್ತು ಮೀನಿಗೆ ಆಗದು ಎಂಬ ತಿಳಿವಳಿಕೆ ಹೊಸದೇನಲ್ಲ. ಅಂಟುವಾಳಕ್ಕೆ ನೊರೆ ಕೊಡುವುದು ಸಪೋನಿನ್ ಎಂಬ ಜಾತಿಯ ಪದಾರ್ಥ. ಅದು ಕಾರೆಕಾಯಿಯಲ್ಲಿಯೂ ಉಂಟು. ಕಾರೆಕಾಯನ್ನು ಜಜ್ಜಿ ಮಡುವಿಗೆ ಹಾಕಿ, ಮತ್ತೇರಿ ತೇಲಿಬಂದ ಮೀನನ್ನು ಹಿಡಿಯುವುದು ಮಲೆನಾಡಿಗೆ ಹಳೆಯ ವಿದ್ಯೆ. ಕಾರಣ ಸರಳವಾದುದು. ಮಾರ್ಜಕದ ಅಣುವಿಗೆ ಎರಡು ತುದಿ. ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಜಿಡ್ಡನ್ನು. ಮೀನಿನ ಕಿವಿರಿನ ಜೀವಕಣಗಳ ಪೊರೆಯಲ್ಲಿಯೂ ಜಿಡ್ಡಿನ ಅಂಶವಿದೆ. ಅಂಗಿಯ ಕೊರಳಪಟ್ಟಿಗೂ ಕಿವಿರಿಗೂ ಇರುವ ಭೇದವನ್ನು ಮಾರ್ಜಕ ಅರಿಯದು. ಕಿವಿರು ಊದಿಕೊಳ್ಳುತ್ತದೆ, ಲೋಳೆ ಕಟ್ಟುತ್ತದೆ. ನೀರಿನಲ್ಲಿ ಪ್ರಾಣವಾಯು ಬೇಕಾದಷ್ಟಿದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ.

ಹಳೆಯ ಸಾಬೂನಿನಲ್ಲಿ ಇಷ್ಟು ಮಾತ್ರ ಕರುಣೆ ಇತ್ತು. ಗಡಸು ನೀರಿನ ಸುಣ್ಣದ ಅಂಶ ತಗುಲಿದೊಡನೆ ಅದು ಹಾಲೊಡೆದಂತೆ ಒಡೆದು ಗಷ್ಟಾಗಿ ಕೂರುತ್ತದೆ. ಕಡಲ ನೀರಿನಲ್ಲಿ ಸಾಬೂನು ನೊರೆ ಬಿಡದಿರುವುದೂ ಇದೇ ಬಗೆಯಿಂದ. ಆದುದರಿಂದ ಸಿಹಿನೀರಿನಲ್ಲಿ ಸಾಬೂನು ಮೀನಿಗೆ ವಿಷವಾದರೂ ಗಡಸು ನೀರಿನಲ್ಲಿ ಅದರ ಹಲ್ಲು ಬಹುಮಟ್ಟಿಗೆ ಮುರಿಯುತ್ತದೆ.

ಕೃತಕ ಮಾರ್ಜಕ ಹುಟ್ಟಿದ್ದು ಕೊರತೆಯಿಂದ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಗೆ ಸಾಬೂನಿಗೆ ಬೇಕಾದ ಕೊಬ್ಬು, ಎಣ್ಣೆ ಸಿಗದೆಹೋದಾಗ ಅಲ್ಲಿನ ರಸಾಯನಶಾಸ್ತ್ರಜ್ಞರು ಬೇರೆ ದಾರಿ ಹುಡುಕಿದರು. ಎರಡನೆಯ ಯುದ್ಧದ ತರುವಾಯ ಪೆಟ್ರೋಲಿಯಂ ಅದಕ್ಕೆ ಅಗ್ಗದ ಕಚ್ಚಾವಸ್ತುವನ್ನು ಒದಗಿಸಿತು. ಅಮೆರಿಕದಲ್ಲಿ 1946ರಲ್ಲಿ ಟೈಡ್ ಬಂದಿತು; ನಮ್ಮಲ್ಲಿ 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ. ಈ ಪುಡಿಗಳು ಗಡಸು ನೀರಿಗೂ ಉಪ್ಪುನೀರಿಗೂ ಹೆದರುವುದಿಲ್ಲ. ಗೃಹಿಣಿಗೆ ವರವಾದ ಈ ಗುಣವೇ ಮೀನಿಗೆ ಶಾಪವಾಯಿತು.

1950ರ ದಶಕದಲ್ಲಿ ಇಂಗ್ಲೆಂಡಿನ ನದಿಗಳಲ್ಲಿ ನೀರು ಧುಮುಕುವ ಕಡೆಗಳಲ್ಲೆಲ್ಲ ಬಿಳಿಯ ನೊರೆ ಗುಡ್ಡೆಗುಡ್ಡೆಯಾಗಿ ಏಳತೊಡಗಿತು. ಜರ್ಮನಿ, ಅಮೆರಿಕಗಳ ಪಾಡೂ ಅದೇ. ಆಗಿನ ಮಾರ್ಜಕದ ಅಣು ಮರದಂತೆ ಕವಲೊಡೆದಿತ್ತು. ಬ್ಯಾಕ್ಟೀರಿಯಾಗಳಿಗೆ ಅದನ್ನು ಮೆಲ್ಲಲು ಆಗುತ್ತಿರಲಿಲ್ಲ. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ಮಾಡಿ, 1964ರಿಂದ ಅದನ್ನು ಜಾರಿಗೆ ತಂದಿತು. ಮಾರ್ಜಕದ ಶೇಕಡ 80 ಭಾಗವಾದರೂ ಜೀವಾಣುಗಳಿಂದ ಕರಗಬೇಕೆಂಬುದು ಅದರ ಕಟ್ಟಳೆ. ಅಮೆರಿಕದ ತಯಾರಕರು 1965ರಲ್ಲಿ ಕವಲಿಲ್ಲದ, ನೇರ ಸರಪಳಿಯ ಅಣುವಿಗೆ ಬದಲಾಯಿಸಿಕೊಂಡರು. ನೊರೆ ಇಳಿಯಿತು. ಇದನ್ನು ‘ಮೃದು’ ಮಾರ್ಜಕವೆಂದು ಕರೆದರು.

ಆದರೆ ಆ ಹೆಸರಿನಲ್ಲಿ ಒಂದು ವ್ಯಂಗ್ಯವಿತ್ತು. ಕರಗುವ ಮುನ್ನ ಈ ಮೃದು ಮಾರ್ಜಕ ಹಳೆಯದಕ್ಕಿಂತ ಮೀನಿಗೆ ಹೆಚ್ಚು ವಿಷ! ಅದು ಸಾಧುವಾಗುವುದು ಬ್ಯಾಕ್ಟೀರಿಯಾ ಅದನ್ನು ತಿಂದ ಮೇಲೆ. ಕೊಲ್ಲುವುದಕ್ಕಿಂತ ಕಡಮೆ ಪ್ರಮಾಣವೂ ನಿರಪಾಯವಲ್ಲ. ಮೀಸೆಯಿಂದ ರುಚಿ ನೋಡಿ ಆಹಾರ ಹುಡುಕುವ ಒಂದು ಜಾತಿಯ ಮೀನನ್ನು ಅಮೆರಿಕದಲ್ಲಿ ಪರೀಕ್ಷಿಸಿ, 1965ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು: ಹತ್ತು ಲಕ್ಷ ಪಾಲು ನೀರಿಗೆ ಅರ್ಧ ಪಾಲು ಮಾರ್ಜಕವಿದ್ದರೂ ಅದರ ರುಚಿಮೊಗ್ಗುಗಳು ಕೆಡುತ್ತವೆ. ಮೀನು ಸತ್ತಿರುವುದಿಲ್ಲ, ಆದರೆ ತುತ್ತು ಎಲ್ಲಿದೆಯೆಂದು ಅದಕ್ಕೆ ತಿಳಿಯದು.

ನದಿಯ ಈ ಪಾಠ ಕಡಲಿಗೆ ಉಪಯೋಗವಾಗಲಿಲ್ಲ. 1967ರ ಮಾರ್ಚ್ 18ರಂದು ಟೊರ್ರಿ ಕ್ಯಾನಿಯನ್ ಎಂಬ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆ ಬಂಡೆಗೆ ಬಡಿಯಿತು. ಅದರಲ್ಲಿ ಸುಮಾರು 1,20,000 ಟನ್ನು ಕಚ್ಚಾ ಎಣ್ಣೆ ಇತ್ತು. ತೀರಕ್ಕೆ ಬಂದ ಎಣ್ಣೆಯನ್ನು ಒಡೆದು ಕರಗಿಸಲೆಂದು ಸುಮಾರು 10,000 ಟನ್ನು ಮಾರ್ಜಕವನ್ನು ಸುರಿದರು. ಪ್ರವಾಸಿಗರ ಋತು ಹತ್ತಿರವಾಗುತ್ತಿತ್ತು, ಮರಳು ಬೆಳ್ಳಗಾಗಬೇಕಿತ್ತು. ಪ್ಲಿಮತ್‌ನ ಕಡಲಜೀವಿ ಪ್ರಯೋಗಾಲಯದವರು ತೀರದಲ್ಲಿ ಅಲೆದು ಕಂಡದ್ದು ಬೇರೆ. ಬಂಡೆಗೆ ಅಂಟಿಕೊಂಡು ಪಾಚಿ ಮೇಯುವ ಚಿಪ್ಪುಜೀವಿಗಳು ಎಣ್ಣೆಯಡಿ ಬಹುಪಾಲು ಬದುಕಿದ್ದವು, ಮಾರ್ಜಕ ತಾಗಿದಲ್ಲಿ ಉದುರಿದ್ದವು. ನಮ್ಮ ಕರಾವಳಿಯ ಬೂತಾಯಿಯ ನೆಂಟನಾದ ಪಿಲ್ಚರ್ಡ್ ಮೀನಿನ ಮೊಟ್ಟೆಗಳು ನೀರಿನಲ್ಲಿ ತೇಲುವಂಥವು. ಅವೂ ಹೇರಳವಾಗಿ ಸತ್ತಿದ್ದವು. ಮಾರ್ಜಕದೊಡನೆ ಬೆರೆಸಿದ್ದ, ಸೀಮೆಎಣ್ಣೆಯ ಜಾತಿಯ ದ್ರಾವಕದ ಪಾಪ ಇದರಲ್ಲಿ ದೊಡ್ಡದು. ಮಾರ್ಜಕ ಸುರಿಯದೆ ಬಿಟ್ಟ ತೀರ ಎರಡು ಮೂರು ವರ್ಷಗಳಲ್ಲಿ ಚೇತರಿಸಿಕೊಂಡರೆ, ಹೇರಳವಾಗಿ ‘ಶುಚಿ’ ಮಾಡಿದ ತೀರಕ್ಕೆ ಹತ್ತು ಹದಿನೈದು ವರ್ಷ ಬೇಕಾಯಿತು. ಆ ಬಳಿಕ ಇಂಥ ಕೆಲಸಕ್ಕೆ ಕಡಮೆ ವಿಷದ ಮಿಶ್ರಣಗಳು ಬಂದವು.

ಈ ಪಾಠಗಳು ನಮ್ಮ ಮನೆಬಾಗಿಲಿಗೆ ಬಂದದ್ದು ತಡವಾಗಿ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ಕೋಡಿಯಿಂದ ನೊರೆ ಎದ್ದು ರಸ್ತೆಗೆ ಹಾರಿತು. ಅದಕ್ಕೆ ಬೆಂಕಿಯೂ ಹತ್ತಿತು. ದೇಶದೇಶಗಳ ಪತ್ರಿಕೆಗಳು ಅದರ ಚಿತ್ರ ಅಚ್ಚುಹಾಕಿದವು. ಜರ್ಮನಿಯಲ್ಲಿ ಅರ್ಧ ಶತಮಾನದ ಹಿಂದೆಯೇ ಇಳಿದ ನೊರೆ ಇಲ್ಲಿ ಏಕೆ ಎದ್ದಿತು? ಮೃದು ಮಾರ್ಜಕವನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಪ್ರಾಣವಾಯು ಬೇಕು. ಅಲ್ಲಿ ಕಾನೂನಿನ ಬೆನ್ನಿಗೆ ಚರಂಡಿ ನೀರಿಗೆ ಗಾಳಿಯೂಡಿ ಶುದ್ಧಿಮಾಡುವ ಕಾರ್ಖಾನೆಗಳಿದ್ದವು. ಇಲ್ಲಿ ಕೊಳಚೆ ಬಹುಪಾಲು ನೇರವಾಗಿ ಕೆರೆಗಿಳಿಯಿತು. ಗಾಳಿಯಿಲ್ಲದ ಕೆಸರಿನಲ್ಲಿ ಮಾರ್ಜಕ ಕರಗದೆ ಕೂಡಿಕೊಂಡಿತು. ಮಳೆಯ ನೀರು ಕಲಕಿದಾಗ ನೊರೆಯಾಗಿ ಮೇಲೆದ್ದಿತು. ಬೆಳ್ಳಂದೂರಿನ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಇಳಿಯುವ ದಾರಿಯಲ್ಲಿದೆ.

ಮಾರ್ಜಕವನ್ನು ಬಿಟ್ಟು ಮತ್ತೆ ಅಂಟುವಾಳಕ್ಕೆ ಮರಳೋಣವೆಂದರೆ ಅದೂ ಮೀನಿಗೆ ಮದ್ದಲ್ಲವೆಂಬುದನ್ನು ಕಂಡಿದ್ದೇವೆ. ಬಟ್ಟೆ ಒಗೆಯದೆ ಯಾರೂ ಬಾಳಲಾರರು. ಆದರೆ ಒಗೆತ ಮುಗಿಯುವುದು ಬಟ್ಟೆ ಹಗ್ಗಕ್ಕೇರಿದಾಗ ಅಲ್ಲ. ಬಚ್ಚಲಿಂದ ಹೋದ ನೀರು ಶುದ್ಧವಾಗಿ ಕೆರೆ ಸೇರಿದಾಗ. ಪುಡಿ ಎಷ್ಟು ಚಮಚ ಎಂಬುದು ನಮ್ಮ ಕೈಯಲ್ಲಿದೆ. ಉಳಿದರ್ಧ ಕೆಲಸವನ್ನು ನಗರದ ಆಡಳಿತ ಮಾಡಬೇಕು. ಅದು ಮಾಡುವವರೆಗೂ ಕೇಳುತ್ತಲೇ ಇರುವ ಕೆಲಸ ನಮ್ಮದು. ಮೀನು ಕೇಳಲಾರದು.