ಹಾಲಿ ಮತ್ತು ಕಲ್ದಾರ: ರಾಯಚೂರು ಸೀಮೆಯ ಎರಡು ರೂಪಾಯಿಗಳು

ರಾಯಚೂರು ಸೀಮೆಯ ಇತ್ತೀಚಿನ ಶತಮಾನಗಳ ಚರಿತ್ರೆಯನ್ನು ಅಭ್ಯಸಿಸುವವರು ‘ರೂಪಾಯಿ’ ಎಂಬ ಪದವನ್ನು ಕಂಡೊಡನೆ ಅದರ ಅರ್ಥ ತಮಗೆ ತಿಳಿದಿದೆಯೆಂದು ಭಾವಿಸುವುದು ಸಹಜ. ನಾವೂ ಹಾಗೆಯೇ ಭಾವಿಸಿದ್ದೆವು. ಸ್ನಾತಕೋತ್ತರ ತರಗತಿಯಲ್ಲಿದ್ದಾಗ ತುಂಗಭದ್ರೆಯ ಎರಡು ದಡಗಳ ಭೂಕಂದಾಯವನ್ನು ಹೋಲಿಸಿ, ಮಾನವಿಯ ರೈತನ ಹೊರೆ ಆದವಾನಿಯ ರೈತನ ಹೊರೆಗಿಂತ ಭಾರವಾಗಿತ್ತೆಂದು ಒಂದು ಪ್ರಬಂಧದಲ್ಲಿ ಉತ್ಸಾಹದಿಂದ ಬರೆದೆವು. ಪರೀಕ್ಷಕರು ಕೇಳಿದ ಪ್ರಶ್ನೆ ಒಂದೇ: “ಯಾವ ರೂಪಾಯಿ?” ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಕೃತ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮಾನವಿಯಲ್ಲಿ ಎಕರೆಗೆ 1 ರೂಪಾಯಿ 2 ಆಣೆ 8 ಪೈ, ನದಿಯಾಚೆ ಅದೇ ಬಗೆಯ ನೆಲಕ್ಕೆ ಬರಿಯ 1 ರೂಪಾಯಿ ಕಂದಾಯವಿತ್ತೆಂದು ಭಾವಿಸೋಣ. ಮೇಲುನೋಟಕ್ಕೆ ಆರರಲ್ಲಿ ಒಂದು ಪಾಲು ಹೆಚ್ಚಿನ ತೆರಿಗೆ. ವಾಸ್ತವವಾಗಿ ಎರಡೂ ಒಂದೇ ಮೊತ್ತ. ಮೊದಲನೆಯದು ಹೈದರಾಬಾದು ಸಂಸ್ಥಾನದ ಹಾಲಿ ಸಿಕ್ಕಾ. ಎರಡನೆಯದು ಬ್ರಿಟಿಷ್ ಇಂಡಿಯಾದ ಕಲ್ದಾರ. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಂಬುದು ಸಂಸ್ಥಾನದ ಕೊನೆಯ ದಶಕಗಳ ಅಂಗೀಕೃತ ದರ. ಸುಲಭವಾಗಿ ಹೇಳುವುದಾದರೆ ಏಳು ಹಾಲಿಗೆ ಆರು ಕಲ್ದಾರ.

ಹೆಸರುಗಳನ್ನು ಕುರಿತು ಒಂದು ಮಾತು. ‘ಹಾಲಿ ಸಿಕ್ಕಾ’ ಎಂದರೆ ಸದ್ಯ ಚಲಾವಣೆಯಲ್ಲಿರುವ ನಾಣ್ಯ. ‘ಹಾಲಿ’ ಶಬ್ದವನ್ನು ಕನ್ನಡದಲ್ಲಿ ನಾವು ಇಂದಿಗೂ ಇದೇ ಅರ್ಥದಲ್ಲಿ ಬಳಸುತ್ತೇವೆ. ಆ ಹೆಸರಿನ ನಾಣ್ಯವೇ ಮಾಜಿಯಾಗಿ ಹೋದದ್ದು ವಿನೋದ. ‘ಕಲ್’ ಎಂದರೆ ಯಂತ್ರ. ಯಂತ್ರದಲ್ಲಿ ಅಚ್ಚಾದ ದುಂಡು ನಾಣ್ಯ ಕಲ್ದಾರ. ಮುಂದೆ ಹೈದರಾಬಾದಿನ ನಾಣ್ಯವೂ ಯಂತ್ರದಲ್ಲಿಯೇ ಅಚ್ಚಾಗತೊಡಗಿತು. ಆದರೂ ಜನ ಕಲ್ದಾರವೆಂಬ ಹೆಸರನ್ನು ಬ್ರಿಟಿಷ್ ರೂಪಾಯಿಗೇ ಉಳಿಸಿಕೊಂಡರು.

ಹಾಲಿ ಸಿಕ್ಕಾ ಬರುವ ಮೊದಲು ಈ ಭಾಗದಲ್ಲಿ ನಾಣ್ಯಗಳ ಗೊಂದಲವೇ ಇತ್ತು. ಇಂದಿನ ತೆಲಂಗಾಣದಲ್ಲಿರುವ ಗದ್ವಾಲ, ವನಪರ್ತಿ, ನಾರಾಯಣಪೇಟೆಗಳ ಟಂಕಸಾಲೆಗಳಿಂದ ನಾಣ್ಯಗಳು ಹೊರಬರುತ್ತಿದ್ದವು. ಇವುಗಳಲ್ಲಿ ಗದ್ವಾಲವಂತೂ ರಾಯಚೂರಿನ ಮಗ್ಗುಲಿನ ಊರು. ಇಂತಹ ಸ್ಥಿತಿಯಲ್ಲಿ ಪ್ರತಿಯೊಂದು ನಾಣ್ಯದ ತೂಕ, ಬೆರಕೆಗಳನ್ನು ನೋಡಿ ಬೆಲೆ ಕಟ್ಟುವ ಚಿನಿವಾರನಿಲ್ಲದೆ ಯಾವ ಸಂತೆಯೂ ಸಾಗುವಂತಿರಲಿಲ್ಲ. 1853ರಲ್ಲಿ ದಿವಾನರಾದ ಮೊದಲನೆಯ ಸಾಲಾರ ಜಂಗರು ಈ ಟಂಕಸಾಲೆಗಳನ್ನು ಕ್ರಮೇಣ ಮುಚ್ಚಿಸಿ ನಾಣ್ಯದ ಅಧಿಕಾರವನ್ನು ರಾಜಧಾನಿಯಲ್ಲಿ ಕೇಂದ್ರೀಕರಿಸಿದರು. 1858ರ ತರುವಾಯ ದೆಹಲಿಯ ಬಾದಶಹನ ಹೆಸರು ನಾಣ್ಯದಿಂದ ಮರೆಯಾಗಿ ನಿಜಾಮ್-ಉಲ್-ಮುಲ್ಕ್ ಆಸಫ್ ಜಾಹನ ಹೆಸರು ಬಂದಿತು.

ಆದರೆ ಸಾಲಾರ ಜಂಗರು ಅಧಿಕಾರ ವಹಿಸಿದ ವರ್ಷವೇ ರಾಯಚೂರು ಸಂಸ್ಥಾನದ ಕೈತಪ್ಪಿತ್ತೆಂಬುದನ್ನು ಮರೆಯಬಾರದು. ಹೈದರಾಬಾದು ಕಂಟಿಂಜೆಂಟ್ ಸೈನ್ಯದ ವೆಚ್ಚಕ್ಕಾಗಿ 1853ರ ಒಪ್ಪಂದದ ಮೂಲಕ ಬೀರಾರ, ನಳದುರ್ಗಗಳೊಡನೆ ರಾಯಚೂರು ದೋಆಬ್ ಪ್ರದೇಶವೂ ಕಂಪನಿಯ ಆಡಳಿತಕ್ಕೆ ಸೇರಿತು. 1860ರಲ್ಲಿ ರಾಯಚೂರು, ನಳದುರ್ಗಗಳು ಮರಳಿದವು; ಅವುಗಳ ಜೊತೆಗೆ ಸುರಪುರವೂ ನಿಜಾಮನಿಗೆ ಬಂದಿತು. ಈ ಏಳು ವರ್ಷಗಳ ಕಾಗದಪತ್ರಗಳನ್ನು ಓದುವವರು ಮೊತ್ತದ ಮುಂದಿರುವ ನಾಣ್ಯದ ಹೆಸರನ್ನು ಎರಡು ಸಲ ನೋಡುವುದು ಒಳ್ಳೆಯದು.

ಇನ್ನು ಲೋಹದ ಲೆಕ್ಕ. 1835ರಿಂದ ಏಕರೂಪವಾದ ಕಂಪನಿ ರೂಪಾಯಿಯ ತೂಕ 180 ಗ್ರೇನ್. ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ, ಅಂದರೆ 165 ಗ್ರೇನ್. ಹಾಲಿ ರೂಪಾಯಿಯ ತೂಕ ಸುಮಾರು 172½ ಗ್ರೇನ್. ಸಾವಿರಕ್ಕೆ 818 ಪಾಲು ಶುದ್ಧ ಬೆಳ್ಳಿ, ಅಂದರೆ ಸುಮಾರು 141 ಗ್ರೇನ್. ನೂರು ಕಲ್ದಾರಗಳಲ್ಲಿರುವಷ್ಟು ಬೆಳ್ಳಿ ಬೇಕಾದರೆ ಸುಮಾರು 117 ಹಾಲಿಗಳು ಬೇಕು. ಅಂಗೀಕೃತ ದರ ಇದಕ್ಕೆ ಎಷ್ಟು ಹತ್ತಿರವಾಗಿದೆಯೆಂಬುದನ್ನು ಓದುಗರು ಗಮನಿಸಬೇಕು. ಹಾಲಿ ಕೀಳು ನಾಣ್ಯ, ಸಂಸ್ಥಾನದವರು ಬೆರಕೆ ಮಾಡಿ ಕೆಡಿಸಿದ ನಾಣ್ಯ ಎಂಬ ಮಾತು ಅಲ್ಲಲ್ಲಿ ಕೇಳಿಬರುವುದುಂಟು. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಅದು ಕಡಿಮೆ ಬೆಳ್ಳಿಯ ನಾಣ್ಯ; ಅಷ್ಟೇ ಕಡಿಮೆ ಬೆಲೆಗೆ ಸಲ್ಲುತ್ತಿತ್ತು. ಇದರಲ್ಲಿ ಮೋಸವೇನೂ ಇಲ್ಲ.

ಹಾಗಾದರೆ ತೊಂದರೆ ಎಲ್ಲಿತ್ತು? ದರ ಒಂದೇ ಕಡೆ ನಿಲ್ಲದಿದ್ದುದರಲ್ಲಿ. 1893ರಲ್ಲಿ ಬ್ರಿಟಿಷ್ ಸರಕಾರ ತನ್ನ ಟಂಕಸಾಲೆಗಳನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿತು. ಅದುವರೆಗೆ ಯಾರು ಬೇಕಾದರೂ ಬೆಳ್ಳಿಯನ್ನು ಕೊಟ್ಟು ರೂಪಾಯಿಯನ್ನು ಪಡೆಯಬಹುದಾಗಿತ್ತು. ಬಾಗಿಲು ಮುಚ್ಚಿದ ಮೇಲೆ ಕಲ್ದಾರದ ಬೆಲೆ ಬೆಳ್ಳಿಯ ಬೆಲೆಯಿಂದ ಬಿಡಿಸಿಕೊಂಡಿತು. ಶತಮಾನದ ಕೊನೆಗೆ ಒಂದು ಪೌಂಡಿಗೆ ಹದಿನೈದು ರೂಪಾಯಿಯಂತೆ ನೆಲೆನಿಂತಿತು. ಜಗತ್ತಿನ ಪೇಟೆಯಲ್ಲಿ ಬೆಳ್ಳಿ ಅಗ್ಗವಾದರೂ ಕಲ್ದಾರ ಅಗ್ಗವಾಗಲಿಲ್ಲ. ಹಾಲಿಗೆ ಇಂತಹ ಆಸರೆ ಇರಲಿಲ್ಲ. ಮೇಲಾಗಿ 1899–1900ರ ಬರಗಾಲದಲ್ಲಿ ಹೊರಗಿನಿಂದ ಧಾನ್ಯವನ್ನು ತರಿಸಬೇಕಾಯಿತು. ಹೊರಗಿನ ಧಾನ್ಯಕ್ಕೆ ಕಲ್ದಾರವೇ ಬೇಕು. ಎಲ್ಲರೂ ಕಲ್ದಾರವನ್ನು ಕೊಳ್ಳಹೊರಟಾಗ ಹಾಲಿ ಇಳಿಯದೆ ಇರುತ್ತದೆಯೆ? ಹೊಟ್ಟೆಗಿಲ್ಲದ ವರ್ಷದಲ್ಲಿಯೇ ಕೈಯಲ್ಲಿದ್ದ ರೂಪಾಯಿಯೂ ಸವೆಯಿತು.

ಈ ಅಸ್ಥಿರತೆಯನ್ನು ನೀಗಲು ಮೀರ್ ಮಹಬೂಬ್ ಅಲಿ ಖಾನರ ಕಾಲದಲ್ಲಿ, 1903–04ರ ಸುಮಾರಿಗೆ, ಚಾರ್ ಮಿನಾರಿನ ಚಿತ್ರವುಳ್ಳ ಯಂತ್ರದ ನಾಣ್ಯ ಬಂದಿತು. ಅದರ ಬಾಗಿಲ ಕಮಾನಿನೊಳಗೆ ಮಹಬೂಬರ ‘ಮೀಮ್’ ಅಕ್ಷರ. 1911ರ ನಂತರ ಉಸ್ಮಾನ್ ಅಲಿ ಖಾನರ ‘ಐನ್’ ಅಕ್ಷರ. ನಾಣ್ಯದ ಹೆಸರೂ ಉಸ್ಮಾನಿಯಾ ಸಿಕ್ಕಾ ಎಂದಾಯಿತು. ಮುಂದೆ ಸಂಸ್ಥಾನದ ಸರಕಾರ ದರವನ್ನು ಹಿಡಿದು ನಿಲ್ಲಿಸಲು ಪ್ರತ್ಯೇಕ ನಿಧಿಯನ್ನೇ ಇರಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿ ದುರ್ಲಭವಾದಾಗ, 1918ರ ಕಾನೂನಿನ ಮೇರೆಗೆ ಕಾಗದದ ನೋಟುಗಳು ಬಂದವು. ಅವುಗಳ ಮೇಲೆ ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡ ಅಕ್ಷರಗಳೂ ಇದ್ದವು.

ಪ್ರಾಸಂಗಿಕವಾಗಿ ಒಂದು ಸಂಗತಿ. 1922ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಮುಂಬಯಿಗೆ ಹೊರಟಿದ್ದ ‘ಈಜಿಪ್ಟ್’ ಎಂಬ ಹಡಗು ಫ್ರಾನ್ಸಿನ ಕರಾವಳಿಯಾಚೆ ಮುಳುಗಿತು. ಸುಮಾರು ಹತ್ತು ವರ್ಷಗಳ ನಂತರ ಇಟಲಿಯ ಮುಳುಗುಗಾರರು ಅದರ ಚಿನ್ನವನ್ನು ಎತ್ತಲು ಹೋದಾಗ, ಚಿನ್ನಕ್ಕೆ ಮೊದಲು ಕೈಗೆ ಸಿಕ್ಕ ವಸ್ತುಗಳಲ್ಲಿ ನಿಜಾಮನ ನೋಟುಗಳ ಕಟ್ಟುಗಳೂ ಇದ್ದವು. ರಾಯಚೂರಿನ ಪೇಟೆಗೆ ಬರಬೇಕಾಗಿದ್ದ ಕನ್ನಡ ಅಕ್ಷರಗಳು ಅಟ್ಲಾಂಟಿಕ್ ಸಾಗರದ ತಳದಲ್ಲಿ ಹತ್ತು ವರ್ಷ ಕಳೆದವೆಂದಾಯಿತು.

ಈಗ ಈ ಎರಡು ನಾಣ್ಯಗಳು ನಮ್ಮ ಮೂರು ಊರುಗಳಲ್ಲಿ ಹೇಗೆ ಸಂಧಿಸುತ್ತಿದ್ದವೆಂಬುದನ್ನು ನೋಡೋಣ. ದರವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ರಾಜಧಾನಿಯ ವರದಿಗಳಲ್ಲಿಯೇ ಮುಗಿಯುತ್ತದೆ. ಅದರ ಭಾರ ಬೀಳುತ್ತಿದ್ದುದು ಅಂಚಿನ ಊರುಗಳ ಮೇಲೆ.

ದೇವದುರ್ಗದ ಉತ್ತರಕ್ಕೆ ಕೃಷ್ಣೆ. ಅದನ್ನು ದಾಟಿದರೆ ಸುರಪುರ, ಶಹಾಪುರಗಳು. 1860ರ ನಂತರ ಅವೂ ನಿಜಾಮನ ನಾಡೇ. ದೋಣಿಯನ್ನು ಹತ್ತಿ ಇಳಿದರೂ ಗಂಟಿನಲ್ಲಿದ್ದ ಹಾಲಿ ಹಾಲಿಯಾಗಿಯೇ ಉಳಿಯುತ್ತಿತ್ತು. ಮಾನವಿಯ ಮಾತು ಬೇರೆ. ಆ ತಾಲೂಕಿನ ಎಲ್ಲೆಯಾದ ತುಂಗಭದ್ರೆ ಎರಡು ರಾಜ್ಯಗಳ ಗಡಿಯೂ ಹೌದು, ಎರಡು ರೂಪಾಯಿಗಳ ಗಡಿಯೂ ಹೌದು. ಆಚೆಯ ದಡ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಎರಡೂ ಕಡೆ ಕನ್ನಡ ಮಾತು, ಎರಡೂ ಕಡೆ ಬೀಗರು ನೆಂಟರು. ಆದರೆ ಆಚೆಯ ಸಂತೆಯಲ್ಲಿ ಒಂದು ಜೊತೆ ಎತ್ತನ್ನು ಕೊಳ್ಳಬೇಕಾದರೆ ಮೊದಲು ರೂಪಾಯಿಯನ್ನೇ ಕೊಳ್ಳಬೇಕು. ನೂರು ಹಾಲಿಯನ್ನು ಕೊಟ್ಟವನಿಗೆ ನ್ಯಾಯವಾಗಿ ಬರಬೇಕಾದುದು 85 ರೂಪಾಯಿ 11 ಆಣೆ 5 ಪೈ ಕಲ್ದಾರ. ಚಿನಿವಾರನ ವಟ್ಟ ಕಳೆದು ಕೈಗೆ ಬರುವುದು ಇನ್ನೂ ಕಡಿಮೆ. ಸರಕು ಗಡಿಯನ್ನು ದಾಟಿದರೆ ಸಂಸ್ಥಾನದ ಕರೋಡಗಿರಿ ಸುಂಕ ನೂರಕ್ಕೆ ಐದು. ಸುಂಕದ ಕಟ್ಟೆ ಕಣ್ಣಿಗೆ ಕಾಣುತ್ತಿತ್ತು, ವಟ್ಟ ಕಾಣುತ್ತಿರಲಿಲ್ಲ.

ರಾಯಚೂರು ನಗರ ಈ ಎರಡು ಲೋಕಗಳ ಕೀಲಾಗಿತ್ತು. 1871ರಲ್ಲಿ ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ಮಾರ್ಗವೂ ಮದರಾಸಿನ ಕಡೆಯಿಂದ ಬಂದ ಮದರಾಸು ರೈಲು ಮಾರ್ಗವೂ ಇಲ್ಲಿಯೇ ಕೂಡಿಕೊಂಡವು. ಕೋಟೆಯ ಬುಡದ ಪೇಟೆಯಲ್ಲಿ ಹಾಲಿ, ನಿಲ್ದಾಣದ ಆಚೆಗೆ ಚಾಚಿದ ವ್ಯಾಪಾರದಲ್ಲಿ ಕಲ್ದಾರ. ಹತ್ತಿಯ ವ್ಯಾಪಾರ ಇದಕ್ಕೆ ಒಳ್ಳೆಯ ಉದಾಹರಣೆ. ಮುಂಬಯಿಯ ಸಾಹುಕಾರ ಕೊಡುವುದು ಕಲ್ದಾರದ ಹುಂಡಿ. ದೇವದುರ್ಗದ ಕಪ್ಪುನೆಲದಲ್ಲಿ ಹತ್ತಿ ಬೆಳೆದ ರೈತನಿಗೆ ಬೇಕಾದುದು ಹಾಲಿ. ಕಂದಾಯ ಕಟ್ಟುವುದೂ ಹಾಲಿಯಲ್ಲಿ, ಸಾಲ ತೀರಿಸುವುದೂ ಹಾಲಿಯಲ್ಲಿ. ಹೀಗಾಗಿ ಹತ್ತಿ ಬಿಡಿಸುವ ಕಾಲದಲ್ಲಿ ವ್ಯಾಪಾರಿಗಳೆಲ್ಲ ಹಾಲಿಗಾಗಿ ಮುಗಿಬೀಳುವರು, ಅದರ ಬೆಲೆ ಏರುವುದು. ಸುಗ್ಗಿ ಕಳೆದ ಮೇಲೆ ಇಳಿಯುವುದು. ಏರಿದಾಗ ವ್ಯಾಪಾರಿ ಹತ್ತಿಯ ದರವನ್ನು ಹಾಲಿಯಲ್ಲಿ ತಗ್ಗಿಸಿ ಹೇಳಬಹುದು. ಇಳಿದಾಗ ರೈತನ ಬಳಿ ಮಾರಲು ಹತ್ತಿಯೇ ಇರುವುದಿಲ್ಲ. ಕೊಳ್ಳಬೇಕಾದ ಹೊರಗಿನ ಬಟ್ಟೆ, ಕಬ್ಬಿಣಗಳ ಬೆಲೆ ಮಾತ್ರ ಅವನ ಹಾಲಿಯ ಲೆಕ್ಕದಲ್ಲಿ ಏರಿರುತ್ತದೆ. ಋತುಮಾನದ ಈ ಏರಿಳಿತವನ್ನು ಬಿಟ್ಟು ವರ್ಷದ ಸರಾಸರಿ ದರವನ್ನಷ್ಟೇ ಕೊಡುವ ಕೋಷ್ಟಕಗಳು ನಮಗೆ ಅಷ್ಟಾಗಿ ಸಹಾಯ ಮಾಡಲಾರವು.

ಎರಡನೆಯ ಮಹಾಯುದ್ಧದ ವೇಳೆಗೆ ದರದ ಅಡಿಯಲ್ಲಿದ್ದ ಬೆಳ್ಳಿಯೇ ಕರಗಿತು. 1940ರಲ್ಲಿ ಕಲ್ದಾರದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರಲ್ಲಿ ರೂಪಾಯಿ ನಿಕ್ಕಲ್ಲಿನದಾಯಿತು. ಏಳಕ್ಕೆ ಆರು ಎಂಬ ದರ ಮಾತ್ರ ಕದಲಲಿಲ್ಲ. ಲೋಹದ ತೂಕಕ್ಕೆ ಸಮೀಪವಾಗಿದ್ದ ಒಂದು ಸಂಖ್ಯೆ ಲೋಹವಿಲ್ಲದೆಯೂ ರೂಢಿಯ ಬಲದಿಂದಲೇ ಉಳಿದುಕೊಂಡದ್ದು ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ವಿಚಾರಾರ್ಹವಾದ ಅಂಶ. 1942ರಲ್ಲಿ ಕಾರ್ಯಾರಂಭ ಮಾಡಿದ ಹೈದರಾಬಾದು ಸ್ಟೇಟ್ ಬ್ಯಾಂಕು ಈ ನಾಣ್ಯದ ನಿರ್ವಹಣೆಯನ್ನು ವಹಿಸಿಕೊಂಡಿತು.

1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತು. ಅದಾದ ಕೆಲವೇ ವಾರಗಳಲ್ಲಿ ನಿಜಾಮ ಸರಕಾರ ಎರಡು ಆಜ್ಞೆಗಳನ್ನು ಹೊರಡಿಸಿತು: ಬೆಲೆಬಾಳುವ ಲೋಹಗಳನ್ನು ಭಾರತಕ್ಕೆ ಸಾಗಿಸುವುದರ ಮೇಲೆ ನಿರ್ಬಂಧ, ಭಾರತದ ನಾಣ್ಯಕ್ಕೆ ಸಂಸ್ಥಾನದಲ್ಲಿ ಕಾನೂನಿನ ಮಾನ್ಯತೆ ಇಲ್ಲ. ದೆಹಲಿಯ ಮಾತುಕತೆಗಳಲ್ಲಿ ಇದು ಒಪ್ಪಂದದ ಉಲ್ಲಂಘನೆಯ ಪ್ರಶ್ನೆ. ಮಾನವಿಯಂತಹ ಗಡಿಯ ಊರಿನಲ್ಲಿ ಇದರ ಅರ್ಥವನ್ನು ಊಹಿಸುವುದು ಕಷ್ಟವಲ್ಲ. ರಜಾಕಾರರ ಹಾವಳಿಗೆ ಹೆದರಿ ಹೊಳೆ ದಾಟುವ ಕುಟುಂಬದ ಗಂಟಿನಲ್ಲಿದ್ದುದು ಹಾಲಿಯ ನೋಟು, ಬಂಗಾರವನ್ನು ಒಯ್ಯುವಂತಿಲ್ಲ, ಆಚೆಯಿಂದ ಬಂಧುಗಳು ಕಳುಹಿಸುವ ಕಲ್ದಾರ ಈಚೆ ಸಲ್ಲುವಂತಿಲ್ಲ. ವಿಮೋಚನೆಯ ಹೋರಾಟವನ್ನು ಕುರಿತ ಬರಹಗಳಲ್ಲಿ ಬಂದೂಕಿನ ಮಾತು ಸಾಕಷ್ಟು ಬಂದಿದೆ. ರೂಪಾಯಿಯ ಮಾತೂ ಬರಬೇಕು.

1948ರ ಸೆಪ್ಟೆಂಬರ್ ತಿಂಗಳ ಪೊಲೀಸು ಕಾರ್ಯಾಚರಣೆಯಿಂದ ಸಂಸ್ಥಾನ ಕೊನೆಗೊಂಡಿತಾದರೂ ಅದರ ನಾಣ್ಯ ಕೂಡಲೇ ಕೊನೆಗೊಳ್ಳಲಿಲ್ಲ. 1950ರಲ್ಲಿ ಭಾರತದ ರೂಪಾಯಿಯು ಹಾಲಿಯ ಜೊತೆಗೆ ಚಲಾವಣೆಗೆ ಬಂದಿತು. ದರ ಅದೇ ಏಳಕ್ಕೆ ಆರು. 1951ರಿಂದ ಹಾಲಿಯನ್ನು ಹೊಸದಾಗಿ ಹೊರಡಿಸುವುದು ನಿಂತಿತು. ದೊಡ್ಡ ಮೊತ್ತಗಳ ಪರಿವರ್ತನೆ ಸುಲಭ: ಏಳುನೂರು ಹಾಲಿಯ ಸಾಲ ಆರುನೂರಾಯಿತು. ಚಿಲ್ಲರೆಯಲ್ಲಿ ಹಾಗಲ್ಲ. ಹಾಲಿಯ ಒಂದು ಆಣೆಗೆ ಭಾರತದ ಹತ್ತು ಪೈಗಿಂತ ತುಸು ಹೆಚ್ಚು. ಆ ‘ತುಸು’ವಿಗೆ ನಾಣ್ಯವೇ ಇಲ್ಲ. ಆಣೆಗೆ ಆಣೆ ಎಂದು ಅಂಗಡಿಯವನು ಎಣಿಸಿಬಿಟ್ಟರೆ ಉಪ್ಪು, ಎಲೆ ಅಡಕೆಗಳ ಬೆಲೆ ಒಂದೇ ದಿನದಲ್ಲಿ ಆರರಲ್ಲಿ ಒಂದು ಪಾಲು ಏರಿದಂತಾಯಿತು. ಸಂಬಳ ಕಾನೂನಿನಂತೆ ಏಳಕ್ಕೆ ಆರಾಗುತ್ತದೆ, ಸಂತೆಯ ಬೆಲೆ ಕಾನೂನನ್ನು ಕೇಳುವುದಿಲ್ಲ. ಕೂಲಿಕಾರರ ಪಾಲಿಗೆ ವಿಲೀನದ ಮೊದಲ ಅನುಭವ ಈ ರೀತಿಯದಾಗಿತ್ತೆ ಎಂಬುದನ್ನು ಅಂದಿನ ಅಂಗಡಿಗಳ ಕಿರ್ದಿ ಪುಸ್ತಕಗಳಿಂದಲೇ ಪರೀಕ್ಷಿಸಬೇಕು.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಹಳೆಯ ಮೈಸೂರಿನವರೂ ಮುಂಬಯಿ ಕರ್ನಾಟಕದವರೂ ಬಹುಕಾಲದಿಂದ ಕಲ್ದಾರದಲ್ಲಿಯೇ ಎಣಿಸುತ್ತಿದ್ದವರು. ಏಳಕ್ಕೆ ಆರು ಎಂಬ ಬಾಯಿಲೆಕ್ಕದೊಡನೆ ಬಂದವರು ನಮ್ಮವರು ಮಾತ್ರ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದು ಕಲ್ದಾರದ ಆಣೆ, ಪೈಗಳ ಲೆಕ್ಕವೂ ಮುಗಿಯುತ್ತ ಬಂದಿತು. ಹಾಲಿಯ ಮಾನ್ಯತೆ ಸಂಪೂರ್ಣವಾಗಿ ರದ್ದಾದುದು 1959ರಲ್ಲಿ. ಆ ನಡುವಿನ ಎರಡು ವರ್ಷಗಳಲ್ಲಿ ರಾಯಚೂರಿನವರು ಹಾಲಿ, ಭಾರತದ ಆಣೆ, ನಯೆಪೈಸೆ ಎಂಬ ಮೂರು ಲೆಕ್ಕಗಳ ನಡುವೆ ಬಾಳಿದರು.

ಈ ಭಾಗದ ಕ್ರಯಪತ್ರ, ಸಾಲಪತ್ರಗಳನ್ನು ಹಿಡಿದು ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ನಮ್ಮ ಅನುಭವದಿಂದ ಹೇಳಬಹುದಾದುದಿಷ್ಟು. ವರ್ಷ ಫಸಲಿಯಲ್ಲಿದ್ದರೆ ಅದಕ್ಕೆ 590ನ್ನು ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತಶಕ ದೊರೆಯುತ್ತದೆ. ಅಂತಹ ಪತ್ರದಲ್ಲಿ ನಾಣ್ಯದ ಹೆಸರಿಲ್ಲದಿದ್ದರೆ ಬಹುಮಟ್ಟಿಗೆ ಹಾಲಿಯೆಂದೇ ತಿಳಿಯಬಹುದು. ಇಂಗ್ಲಿಷ್ ವರದಿಗಳಲ್ಲಿ ‘ಓ.ಎಸ್.’ ಎಂದರೆ ಉಸ್ಮಾನಿಯಾ ಸಿಕ್ಕಾ; ‘ಬಿ.ಜಿ.’, ಮುಂದೆ ‘ಐ.ಜಿ.’ ಎಂದರೆ ಕಲ್ದಾರ. ಹೊಳೆಯ ದಡದ ಹಳ್ಳಿಗಳ ಪತ್ರಗಳಲ್ಲಿ ಮಾತ್ರ ಅವಸರ ಕೂಡದು. ಬರೆಸಿಕೊಟ್ಟವನು ಈ ದಡದವನೋ ಆ ದಡದವನೋ ಎಂಬುದನ್ನು ಸಾಕ್ಷಿದಾರರ ಊರುಗಳಿಂದ ತಿಳಿದುಕೊಂಡ ಮೇಲೆಯೇ ಮೊತ್ತವನ್ನು ಗುರುತು ಹಾಕಿಕೊಳ್ಳಬೇಕು.